ಉಪ್ಪುಗಾಳಿಯ ಊರಲ್ಲಿ ಮನೆ ಕಟ್ಟಿದ್ದು

2021ರ ಜುಲೈ. ರಾತ್ರಿ ಎರಡು ಗಂಟೆ ಇರಬೇಕು. ಅಪ್ಪ ಮಲಗಿದ್ದ ಕೋಣೆಯ ತಾರಸಿಯಿಂದ ಒಂದು ದೊಡ್ಡ ಚಕ್ಕೆ ಕಳಚಿ ಬಿತ್ತು. ತಲೆದಿಂಬಿನಿಂದ ಒಂದು ಮೊಳ ದೂರದಲ್ಲಿ. ಅಪ್ಪನಿಗೆ ಏನೂ ಆಗಲಿಲ್ಲ. ಬೆಳಿಗ್ಗೆ ಆ ಚಕ್ಕೆಯನ್ನು ತಕ್ಕಡಿಗೆ ಹಾಕಿ ನೋಡಿದೆ. ಆರೂವರೆ ಕಿಲೋ ಇತ್ತು. ಆ ದಿನ ಶಾಲೆಗೆ ಹೋಗಲು ನನ್ನಿಂದ ಆಗಲಿಲ್ಲ.

ನಮ್ಮ ಮನೆ ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ ಇದೆ. ಅಂಗಳದಾಚೆ ತೋಟ, ತೋಟದಾಚೆ ಗಜನಿ ಗದ್ದೆ. ಸಮುದ್ರ ಉಬ್ಬಿ ಭರತ ಬಂದಾಗ ಗಜನಿಗೆ ಉಪ್ಪುನೀರು ಏರುತ್ತದೆ. ಮನೆಯ ಮುಂದಿನ ಭಾಗ ಅಜ್ಜ ಕಟ್ಟಿಸಿದ್ದು. ಚಿರೆಕಲ್ಲಿನ ಗೋಡೆ, ಚಿಪ್ಪಿನ ಸುಣ್ಣದ ಗಾರೆ, ಮೇಲೆ ಹಂಚಿನ ಮಾಡು. ಅದಕ್ಕೆ ಎಂಬತ್ತು ವರ್ಷ ದಾಟಿದೆ. ಹಿಂದಿನ ಎರಡು ಕೋಣೆ ಅಪ್ಪ 1993ರಲ್ಲಿ ಸೇರಿಸಿದ್ದು. ಅದಕ್ಕೆ ಕಾಂಕ್ರೀಟಿನ ತಾರಸಿ. ಆಗ ನಮ್ಮ ಕೇರಿಯಲ್ಲಿ ತಾರಸಿ ಇದ್ದ ಮನೆ ಇನ್ನೊಂದು ಇರಲಿಲ್ಲ. ಅಪ್ಪನಿಗೆ ಅದರ ಬಗ್ಗೆ ಬಹಳ ಹೆಮ್ಮೆ ಇತ್ತು.

ಎಂಬತ್ತು ವರ್ಷದ ಭಾಗ ಗಟ್ಟಿಯಾಗಿ ನಿಂತಿದೆ. ಇಪ್ಪತ್ತೆಂಟು ವರ್ಷದ ಭಾಗ ತಲೆಯ ಮೇಲೆ ಬೀಳುತ್ತಿದೆ. ಆ ಮಳೆಗಾಲ ಪೂರ್ತಿ ನನ್ನ ತಲೆಯಲ್ಲಿ ಇದೊಂದೇ ಪ್ರಶ್ನೆ. ಯಾಕೆ ಹೀಗೆ?

ನಾನು ಕನ್ನಡ ಶಾಲೆಯಲ್ಲಿ ಗಣಿತ ಕಲಿಸುವವಳು. ಮನೆ ಕಟ್ಟುವುದರ ಬಗ್ಗೆ ಏನೂ ಗೊತ್ತಿರಲಿಲ್ಲ. ನನ್ನ ಹತ್ತಿರ ಓದಿದ ಒಬ್ಬ ಹುಡುಗಿ ಈಗ ಸಿವಿಲ್ ಎಂಜಿನಿಯರ್. ಅವಳನ್ನು ಕರೆಸಿದೆ. ಅವಳು ಬಿದ್ದ ಚಕ್ಕೆಯನ್ನು ತಿರುಗಿಸಿ, ಕಬ್ಬಿಣದ ಸರಳು ಅಂಟಿಕೊಂಡಿದ್ದ ಗುರುತಿನಿಂದ ಹೊರಮೈವರೆಗೆ ಟೇಪು ಹಿಡಿದಳು. "ಅಕ್ಕೋರೇ, ನೋಡಿ, ಒಂದು ಸೆಂಟಿಮೀಟರೂ ಇಲ್ಲ" ಅಂದಳು.

ಅವಳು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಕಾಂಕ್ರೀಟು ಕ್ಷಾರ. ಆ ಕ್ಷಾರದ ಒಳಗೆ ಇರುವವರೆಗೆ ಕಬ್ಬಿಣಕ್ಕೆ ತುಕ್ಕು ಹಿಡಿಯುವುದಿಲ್ಲ. ಆದರೆ ಉಪ್ಪಿನಲ್ಲಿರುವ ಕ್ಲೋರೈಡ್ ಒಳಗೆ ಸೇರಿದರೆ ಆ ರಕ್ಷಣೆ ಮುರಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿನ ಎರಡು ಪಟ್ಟಿಗಿಂತಲೂ ಜಾಸ್ತಿ ಜಾಗ ಬೇಡುತ್ತದೆ. ಜಾಗ ಇಲ್ಲದಿದ್ದರೆ ಕಾಂಕ್ರೀಟನ್ನು ಒಡೆದು ಜಾಗ ಮಾಡಿಕೊಳ್ಳುತ್ತದೆ. ಬೀಳುವುದು ಆ ಒಡೆದ ಚಕ್ಕೆ.

ಉಪ್ಪು ಎಲ್ಲಿಂದ ಬಂತು? ಗಾಳಿಯಿಂದ ಸ್ವಲ್ಪ. ಆದರೆ ಅಪ್ಪ ನೆನಪು ಮಾಡಿಕೊಂಡು ಹೇಳಿದ್ದು ಬೇರೆ. ಆಗ ಹೊಯ್ಗೆ, ಅಂದರೆ ಮರಳು, ತಂದದ್ದು ಅಳಿವೆಯಿಂದ, ದೋಣಿಯಲ್ಲಿ. ನೀರು ನಮ್ಮ ಬಾವಿಯದು. ಬೇಸಿಗೆಯಲ್ಲಿ ನಮ್ಮ ಬಾವಿಯ ನೀರು ಸವಳು, ಚಹಾ ಮಾಡಿದರೆ ಹಾಲು ಒಡೆಯುತ್ತದೆ. ತಾರಸಿ ಹಾಕಿದ್ದು ಏಪ್ರಿಲ್‌ನಲ್ಲಿ. ಅಂದರೆ ಉಪ್ಪನ್ನು ನಾವೇ ಕಾಂಕ್ರೀಟಿಗೆ ಕಲಸಿ ಹಾಕಿದ್ದೆವು. ಯಾರೂ ಮೋಸ ಮಾಡಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ ಅಷ್ಟೇ. ಇದನ್ನು ಕೇಳಿ ಅಪ್ಪ ತುಂಬ ಹೊತ್ತು ಸುಮ್ಮನೆ ಕೂತಿದ್ದರು.

ಹಿಂದಿನ ಭಾಗ ಕೆಡವಿ ಹೊಸದಾಗಿ ಕಟ್ಟುವುದು ಅಂತ ತೀರ್ಮಾನ ಆಯಿತು. 2022ರ ಡಿಸೆಂಬರಿನಲ್ಲಿ ಶುರು ಮಾಡಿ 2023ರ ಮೇ ಕೊನೆಗೆ ಮುಗಿಸಿದೆವು. ಕೈಯಲ್ಲಿದ್ದ ದುಡ್ಡು ಎಲ್ಲದಕ್ಕೂ ಸಾಲುವ ಹಾಗಿರಲಿಲ್ಲ. ಹಾಗಾಗಿ ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಕೈ ಬಿಗಿ ಹಿಡಿಯಬೇಕು ಎನ್ನುವುದಕ್ಕೆ ಒಂದು ದಾರಿ ಬೇಕಿತ್ತು. ನಾನು ನೋಟ್‌ಬುಕ್ಕಿನ ಒಂದು ಹಾಳೆಯ ಮಧ್ಯೆ ಗೆರೆ ಎಳೆದೆ. ಎಡಗಡೆ, ಒಮ್ಮೆ ಮುಚ್ಚಿಹೋದರೆ ಮತ್ತೆ ಕೈಗೆ ಸಿಗದ ವಸ್ತುಗಳು. ಸರಳು, ಕಾಂಕ್ರೀಟು, ಗೋಡೆಯೊಳಗಿನ ಪೈಪು, ವೈರು, ಬಚ್ಚಲಿನ ನೆಲದ ಅಡಿ. ಬಲಗಡೆ, ಯಾವಾಗ ಬೇಕಾದರೂ ಬದಲಿಸಬಹುದಾದವು. ಬಣ್ಣ, ನಲ್ಲಿ, ಸ್ವಿಚ್ಚು, ನೆಲದ ಟೈಲ್ಸು, ಅಡುಗೆಮನೆಯ ಕಪಾಟು. ಎಡಗಡೆಯ ಸಾಲಿಗೆ ಬೇಕಾದಷ್ಟು ಕೊಟ್ಟು, ಉಳಿದದ್ದರಲ್ಲಿ ಬಲಗಡೆ. ತಮ್ಮನಿಗೆ ಇದು ಹಿಡಿಸಲಿಲ್ಲ. ಬಂದವರಿಗೆ ಕಾಣುವುದು ಟೈಲ್ಸು ತಾನೇ, ಅಕ್ಕಾ, ಅಂದ. ಆದರೂ ನಾನು ಗೆರೆ ಬದಲಿಸಲಿಲ್ಲ.

ಮೊದಲ ತೀರ್ಮಾನ, ತಾರಸಿಯನ್ನೇ ಕಡಿಮೆ ಮಾಡಿದ್ದು. ಬಚ್ಚಲು ಮತ್ತು ಅದರ ಮೇಲೆ ನೀರಿನ ಟಾಕಿ ಇಡುವಷ್ಟು ಜಾಗಕ್ಕೆ ಮಾತ್ರ ಕಾಂಕ್ರೀಟು. ಉಳಿದದ್ದೆಲ್ಲ ಅಜ್ಜನ ಹಾಗೆ ಹಂಚಿನ ಮಾಡು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರಲ್ಲಿ ಚಪ್ಪಟೆ ತಾರಸಿ ಹಾಕಿ, ಅದು ಸೋರಿದ ಮೇಲೆ ಅದರ ಮೇಲೊಂದು ತಗಡಿನ ಮಾಡು ಹಾಕುವುದನ್ನು ಎಷ್ಟು ಮನೆಯಲ್ಲಿ ನೋಡಿಲ್ಲ! ಹಂಚು ಒಡೆದರೆ ಒಂದು ಹಂಚು ಬದಲಿಸಿದರೆ ಆಯಿತು. ಸೋರುವುದು ಎಲ್ಲಿ ಅಂತ ಕೆಳಗೆ ನಿಂತೇ ಗೊತ್ತಾಗುತ್ತದೆ.

ಹಳೆಯ ಮಾಡಿನ ಹಂಚು ಇಳಿಸುವಾಗ ಕೆಲವದರ ಅಡಿಯಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಹೆಸರು, 1865 ಎಂಬ ಇಸವಿ ಕಂಡಿತು. ಮಕ್ಕಳು ಹಂಚು ಮಾಡಿದ ವರ್ಷವೇ ಅದು ಅಂದುಕೊಂಡು ಕುಣಿದರು. ಆದರೆ ಅದು ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನವರು ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಒಂದನೆಯ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹಾಗಾಗಿ ಆ ಹಂಚುಗಳು ನಮ್ಮ ಮನೆಗಿಂತ ಹಳೆಯವು ಇರಬೇಕು, ಅಜ್ಜ ಎಲ್ಲಿಂದಲೋ ಹಳೆ ಹಂಚು ಕೊಂಡಿರಬೇಕು. ಬೆರಳಿನ ಗಂಟಿನಿಂದ ತಟ್ಟಿದರೆ ಈಗಲೂ ಕಂಚಿನ ತಟ್ಟೆಯ ಹಾಗೆ ಟಣ್ ಅನ್ನುತ್ತವೆ. ಹೊಸ ಹಂಚು ಕೊಳ್ಳಲು ಹೋದಾಗ ನಾನೂ ತಟ್ಟಿಯೇ ನೋಡಿದೆ. ಒಳಗೆ ಬಿರುಕು ಇದ್ದರೆ, ಸರಿಯಾಗಿ ಸುಡದಿದ್ದರೆ ಸದ್ದು ಮಂಕಾಗಿ ಬರುತ್ತದೆ. ಎರಡು ಹಂಚು ಮನೆಗೆ ತಂದು ತೂಗಿ, ಒಂದು ದಿನ ನೀರಲ್ಲಿ ಮುಳುಗಿಸಿ ಮತ್ತೆ ತೂಗಿದೆ. ಕಡಿಮೆ ನೀರು ಕುಡಿದ ಹಂಚನ್ನು ಆರಿಸಿದೆವು.

ಅದೇ ಪರೀಕ್ಷೆ ಚಿರೆಕಲ್ಲಿಗೂ ಮಾಡಿದೆ. ನಮ್ಮ ಕಡೆ ಚಿರೆಕಲ್ಲು, ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಜಂಬಿಟ್ಟಿಗೆ, ಮಂಗಳೂರಿನ ಕಡೆ ಕೆಂಪುಕಲ್ಲು, ಮುರಕಲ್ಲು ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಲ್ಯಾಟರೈಟ್ ಅಂತ ಹೆಸರು ಬಂದದ್ದು 1807ರಲ್ಲಿ. ಮಲಬಾರಿನಲ್ಲಿ ಇದನ್ನು ಇಟ್ಟಿಗೆಯ ಹಾಗೆ ಕಡಿಯುವುದನ್ನು ನೋಡಿ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಇಟ್ಟ ಹೆಸರು ಅದು, ಲ್ಯಾಟಿನ್‌ನಲ್ಲಿ ಇಟ್ಟಿಗೆ ಎಂದು ಅರ್ಥ. ಕಡಿದಾಗ ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಅಪ್ಪ ಹೇಳುತ್ತಾರೆ, ಅಜ್ಜ ಕಲ್ಲು ಕಡಿಸಿ ಒಂದು ಮಳೆಗಾಲ ಹೊರಗೇ ಬಿಟ್ಟಿದ್ದರಂತೆ. ಕರಗುವ ಕಲ್ಲು ಮಳೆಯಲ್ಲೇ ಕರಗಲಿ, ಗೋಡೆಯಲ್ಲಿ ಕರಗಬಾರದು ಅಂತ. ನಮಗೆ ಅಷ್ಟು ಕಾಲ ಇರಲಿಲ್ಲ. ಕಲ್ಲು ಕಡಿಯುವ ಎರಡು ಕಣಿಯಿಂದ ಮಾದರಿ ತರಿಸಿದೆ. ಒಂದು ಕಣಿಯ ಒಣಕಲ್ಲು ಇಪ್ಪತ್ತೊಂಬತ್ತು ಕಿಲೋ, ನೀರಲ್ಲಿ ಒಂದು ದಿನ ಇಟ್ಟ ಮೇಲೆ ಮೂವತ್ತೆರಡಕ್ಕೆ ಸ್ವಲ್ಪ ಕಡಿಮೆ. ಇನ್ನೊಂದು ಇಪ್ಪತ್ತೆಂಟು ಇದ್ದದ್ದು ಮೂವತ್ತೆರಡು ದಾಟಿತು. ಚಿರೆಕಲ್ಲಿನ ಐಎಸ್ 3620 ಎಂಬ ಭಾರತೀಯ ಮಾನಕದ ಪ್ರಕಾರ ನೀರು ಹೀರುವುದು ತೂಕದ ಶೇಕಡಾ 12 ದಾಟಬಾರದು. ಮೊದಲನೆಯದು ಶೇಕಡಾ 10, ಎರಡನೆಯದು 15ರ ಹತ್ತಿರ. ಎರಡನೆಯದಕ್ಕೆ ಬಣ್ಣ ಚೆನ್ನಾಗಿತ್ತು, ಕಲ್ಲಿಗೆ ಮೂರು ರೂಪಾಯಿ ಕಡಿಮೆಯೂ ಇತ್ತು. ಬೇಡ ಅಂದೆ. ಒಂದೇ ಕಲ್ಲಿನಲ್ಲಿ ಬಿಳಿ ಮಣ್ಣಿನ ಗಂಟು ಜಾಸ್ತಿ ಕಂಡರೂ ಪಕ್ಕಕ್ಕೆ ಇಡಿಸಿದೆ. ಮಳೆ ಹೊಡೆದರೆ ಮೊದಲು ತೊಳೆದುಹೋಗುವುದು ಆ ಮಣ್ಣು.

ಚಿರೆಕಲ್ಲಿನ ಗೋಡೆಗೆ ಸಿಮೆಂಟಿನ ಪ್ಲಾಸ್ಟರ್ ಬಳಿಯುವುದು ಬಿಡುವುದು ಅವರವರ ಇಷ್ಟ. ನನ್ನ ಅಭಿಪ್ರಾಯದಲ್ಲಿ ಗೋಡೆ ಕಾಯುವುದು ಸೂರು. ನಮ್ಮ ಪಶ್ಚಿಮದ ಗೋಡೆಗೆ ಮುಂಗಾರು ಅಡ್ಡಡ್ಡ ಹೊಡೆಯುತ್ತದೆ. ಮೊದಲೆಲ್ಲ ಆ ಗೋಡೆಗೆ ಮಳೆಗಾಲಕ್ಕೆ ಮೊದಲು ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ನಾವು ಸೂರನ್ನು ಮೂರು ಅಡಿ ಹೊರಗೆ ಚಾಚಿಸಿದೆವು. ಮಾಡಿನ ಪಕ್ಕಾಸು, ರೀಪಿಗೆ ಮರ ಸ್ವಲ್ಪ ಜಾಸ್ತಿ ಬೇಕಾಯಿತು ಅಷ್ಟೇ.

ಈಗ ಕಾಂಕ್ರೀಟಿನ ವಿಷಯಕ್ಕೆ ಬರುತ್ತೇನೆ. ನನ್ನ ಮನಸ್ಸು ಜಾಸ್ತಿ ಇದ್ದದ್ದು ಇದರ ಮೇಲೆ.

ಐಎಸ್ 456 ಎಂಬ ಮಾನಕ ಇದೆ, 2000ದಲ್ಲಿ ಪರಿಷ್ಕರಿಸಿದ್ದು. ಕರಾವಳಿಯ ಗಾಳಿಗೆ ನೇರ ಒಡ್ಡಿದ ಕಾಂಕ್ರೀಟಿಗೆ ಅದು ಹೇಳುವುದು ಇಷ್ಟು. ಎಂ 30 ಎಂಬ ಗಟ್ಟಿತನದ ದರ್ಜೆಗಿಂತ ಕಡಿಮೆ ಬೇಡ. ನೀರು, ಸಿಮೆಂಟಿನ ತೂಕದ 0.45 ಪಾಲು ದಾಟಬಾರದು. ಸರಳಿನ ಹೊರಗೆ 45 ಮಿಲಿಮೀಟರ್ ಕಾಂಕ್ರೀಟು ಇರಬೇಕು. ಒಳಗಡೆ, ಉಪ್ಪುಗಾಳಿ ನೇರ ತಾಗದ ಕಡೆ 30 ಮಿಲಿಮೀಟರ್. ನಮ್ಮ ಹಳೆ ತಾರಸಿಯಲ್ಲಿ ಹತ್ತೂ ಇರಲಿಲ್ಲ ಅಲ್ವಾ? ಎಂ 30 ಅನ್ನು ಒಂದು ಸಿಮೆಂಟಿಗೆ ಎರಡು ಮರಳು, ನಾಲ್ಕು ಜಲ್ಲಿ ಅಂತ ಬಾಯಿಲೆಕ್ಕದಲ್ಲಿ ಮಾಡುವುದಕ್ಕೆ ಆಗುವುದಿಲ್ಲ. ನಮ್ಮ ಎಂಜಿನಿಯರ್ ಲ್ಯಾಬಿನಲ್ಲಿ ಮಿಶ್ರಣದ ಪ್ರಮಾಣ ಮಾಡಿಸಿ ತಂದಳು.

0.45 ಅಂದರೆ ಐವತ್ತು ಕಿಲೋದ ಒಂದು ಚೀಲಕ್ಕೆ ಇಪ್ಪತ್ತೆರಡೂವರೆ ಲೀಟರ್ ನೀರು. ಅದರಲ್ಲೂ ಹೊಯ್ಗೆಯಲ್ಲಿ ಇರುವ ಒದ್ದೆಯನ್ನು ಕಳೆಯಬೇಕು. ಮೇಸ್ತ್ರಿ ನಲವತ್ತು ವರ್ಷದಿಂದ ಕೆಲಸ ಮಾಡುವವರು, ಕೈ ಬಹಳ ಚೊಕ್ಕ. ಆದರೆ ನೀರನ್ನು ಅವರು ಯಾವತ್ತೂ ಅಳೆದಿರಲಿಲ್ಲ. "ಅಕ್ಕೋರೇ, ಇಷ್ಟು ನೀರಿಗೆ ಮಾಲು ಹರಿಯೂದಿಲ್ಲ" ಅಂದರು. ಅವರು ಹೇಳಿದ್ದು ಸರಿಯೇ. ಹರಿಯುವುದಿಲ್ಲ. ಅದಕ್ಕೇ ಪ್ಲಾಸ್ಟಿಸೈಸರ್ ಎಂಬ ದ್ರವ ಸೇರಿಸುವುದು, ಅದಕ್ಕೇ ಮಾಲನ್ನು ಅಲುಗಿಸಿ ಕೂರಿಸುವ ನೀಡಲ್ ವೈಬ್ರೇಟರ್ ಹಿಡಿಯುವುದು. ಎರಡನ್ನೂ ತರಿಸಿದೆ. ಮೊದಲನೆಯ ತೊಲೆಯ ಹಲಗೆ ಬಿಚ್ಚಿದಾಗ ಒಂದು ಟೊಳ್ಳು ಗೂಡೂ ಇರಲಿಲ್ಲ, ಮೈ ನುಣ್ಣಗಿತ್ತು. ಆಮೇಲೆ ಮೇಸ್ತ್ರಿಯೇ ಬಕೆಟ್ಟಿಗೆ ಗೆರೆ ಹಾಕಿಕೊಂಡು ಅಳೆಯತೊಡಗಿದರು.

ನೀರು ನಮ್ಮ ಬಾವಿಯದನ್ನು ಮುಟ್ಟಲಿಲ್ಲ. ಏಪ್ರಿಲ್‌ನಲ್ಲಿ ಪರೀಕ್ಷೆಗೆ ಕೊಟ್ಟಾಗ ಕ್ಲೋರೈಡ್ ಲೀಟರಿಗೆ 1,100 ಮಿಲಿಗ್ರಾಂ ಬಂತು. ಸರಳು ಇರುವ ಕಾಂಕ್ರೀಟಿಗೆ 500 ದಾಟಬಾರದು. ಗುಡ್ಡದ ಬುಡದ ಮನೆಯವರ ಬಾವಿಯಿಂದ ಟಾಕಿಯಲ್ಲಿ ತಂದೆವು, ಹಾಕಿದ ಕಾಂಕ್ರೀಟನ್ನು ಒದ್ದೆ ಇಡುವ ಕ್ಯೂರಿಂಗಿಗೂ ಅದೇ ನೀರು. ಹೊಯ್ಗೆಯ ಬದಲು ಎಂ ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳು. ಪುಡಿ ಜಾಸ್ತಿ ಇದೆಯೋ ಅಂತ ನೋಡಲು ಒಂದು ಗಾಜಿನ ಬಾಟಲಿಯಲ್ಲಿ ಹಾಕಿ, ನೀರು ತುಂಬಿ ಕುಲುಕಿ ಇಟ್ಟರೆ ಸಾಕು. ಮರಳು ಕೆಳಗೆ ಕೂರುತ್ತದೆ, ಧೂಳು ಅದರ ಮೇಲೆ ತೆಳ್ಳಗೆ ನಿಲ್ಲುತ್ತದೆ. ಸ್ಕೇಲ್ ಇಟ್ಟು ಅಳೆಯಬಹುದು. ಎರಡನೆಯ ಲೋಡಿನಲ್ಲಿ ಧೂಳಿನ ಪದರ ದಪ್ಪ ಬಂತು. ಅದನ್ನು ಸರಳಿಲ್ಲದ ಕೆಲಸಕ್ಕೂ ಬಳಸದೆ ವಾಪಸು ಕಳಿಸಿದೆ.

ಸಿಮೆಂಟು ಸ್ಲ್ಯಾಗ್ ಸೇರಿದ್ದನ್ನು ಆರಿಸಿದೆವು. ಉಕ್ಕಿನ ಕಾರ್ಖಾನೆಯ ಕಿಟ್ಟವನ್ನು ಅರೆದು ಸೇರಿಸಿದ ಸಿಮೆಂಟು ಅದು. ಕ್ಲೋರೈಡನ್ನು ಒಳಗೆ ಬಿಡದಿರುವುದರಲ್ಲಿ ಮೇಲು. ಆದರೆ ಗಟ್ಟಿಯಾಗುವುದು ನಿಧಾನ, ನೀರು ಜಾಸ್ತಿ ದಿನ ಬೇಕು. ಏಳು ದಿನಕ್ಕೆ ನಿಲ್ಲಿಸುವ ಹಾಗಿಲ್ಲ. ನಾವು ಗೋಣಿ ಹೊದೆಸಿ ಹದಿನಾಲ್ಕು ದಿನ ಒದ್ದೆ ಇಟ್ಟೆವು. ಬೆಳಿಗ್ಗೆ ಅಪ್ಪ, ಮಧ್ಯಾಹ್ನ ಅಮ್ಮ, ಸಂಜೆ ಶಾಲೆಯಿಂದ ಬಂದು ನಾನು. ಎಷ್ಟು ಒಳ್ಳೆಯ ಸಿಮೆಂಟು ತಂದರೂ ಕ್ಯೂರಿಂಗ್ ತಪ್ಪಿದರೆ ಆ ದುಡ್ಡು ದಂಡ. ಚೀಲದ ಮೇಲೆ ತಯಾರಿಸಿದ ವಾರ, ತಿಂಗಳು ಅಚ್ಚು ಹಾಕಿರುತ್ತಾರೆ. ಅದನ್ನು ಓದಿಯೇ ಇಳಿಸಿಕೊಳ್ಳಿ. ಮೂರು ತಿಂಗಳು ದಾಟಿದ್ದು ನಮ್ಮ ತೇವದ ಗಾಳಿಯಲ್ಲಿ ಬೇಡ.

ಸರಳಿನ ಲೆಕ್ಕ ನನಗೆ ಬಹಳ ಇಷ್ಟವಾದ ಲೆಕ್ಕ. ದಪ್ಪವನ್ನು ಮಿಲಿಮೀಟರಿನಲ್ಲಿ ತಗೊಂಡು ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರ್ ಸರಳಿನ ತೂಕ ಕಿಲೋದಲ್ಲಿ ಬರುತ್ತದೆ. 12 ಮಿಲಿಮೀಟರಿನದಾದರೆ 144 ಭಾಗಿಸು 162, ಅಂದರೆ ಹತ್ತಿರಹತ್ತಿರ 889 ಗ್ರಾಂ. ಐದು ಶೇಕಡಾ ಹೆಚ್ಚುಕಡಿಮೆಗೆ ಮಾನಕದಲ್ಲೇ ಅವಕಾಶ ಇದೆ. ಒಂದು ಅಂಗಡಿಯಿಂದ ಬಂದ ಕಟ್ಟಿನಲ್ಲಿ ಒಂದು ಮೀಟರ್ ಕತ್ತರಿಸಿ ತೂಗಿದರೆ 820 ಗ್ರಾಂ. ಮೂರು ಸರಳು ನೋಡಿದೆ, ಮೂರೂ ಹಾಗೇ. ಕಟ್ಟು ವಾಪಸು ಹೋಯಿತು. ಬೇರೆ ಕಡೆಯಿಂದ ಎಫ್‌ಇ 500ಡಿ ದರ್ಜೆಯ ಸರಳು ತರಿಸಿದೆವು. ಆ ಡಿ ಇದ್ದರೆ ಸರಳು ಮುರಿಯುವ ಮೊದಲು ಜಾಸ್ತಿ ಹಿಗ್ಗುತ್ತದೆ. ಈ ತೂಕದ ಲೆಕ್ಕವನ್ನು ಏಳನೆಯ ತರಗತಿಯ ಮಕ್ಕಳಿಗೂ ಮಾಡಿಸಿದೆ. ಅವರಲ್ಲಿ ಇಬ್ಬರ ಮನೆಯಲ್ಲಿ ಆಗ ಕಟ್ಟಡದ ಕೆಲಸ ನಡೆಯುತ್ತಿತ್ತು.

ಸರಳು ಹಲಗೆಗೆ ತಾಗದ ಹಾಗೆ ಅಡಿಗೆ ಇಡುವ ಕವರ್ ಬ್ಲಾಕು ನಾವೇ ಎರಕ ಹೊಯ್ದೆವು. ಸರಳಿನ ಅಡಿಗೆ ಜಲ್ಲಿ ಚೂರು ಇಡುವುದು ಎಲ್ಲ ಕಡೆ ನಡೆಯುತ್ತದೆ. ಜನ ಓಡಾಡಿದಾಗ ಅದು ಜಾರುತ್ತದೆ, ಸರಳು ಹಲಗೆಗೆ ಕೂರುತ್ತದೆ. ನಮ್ಮ ಹಳೆ ತಾರಸಿಯಲ್ಲೂ ಆದದ್ದು ಅದೇ ಇರಬೇಕು. ತಾರಸಿಗೆ ಹಾಕುವ ಅದೇ ಪ್ರಮಾಣದ ಸಣ್ಣ ಮಾಲಿನಿಂದ 30 ಮತ್ತು 45 ಮಿಲಿಮೀಟರಿನ ಬ್ಲಾಕು, ಒಟ್ಟು ನಾನೂರು. ಹಾಕುವ ದಿನ ನಾನು ರಜೆ ಹಾಕಿದ್ದೆ. ಮೊಣಕಾಲೂರಿ ಟಾರ್ಚು ಹಿಡಿದು ಹಲಗೆ ಮತ್ತು ಸರಳಿನ ನಡುವೆ ಪ್ರತಿ ಮೂರು ಅಡಿಗೆ ಒಂದರಂತೆ ನೋಡಿಕೊಂಡು ಹೋದೆ. ಕಟ್ಟುವ ತಂತಿಯ ತುದಿಯನ್ನು ಒಳಕ್ಕೆ ಮಡಚಬೇಕು ಎನ್ನುವುದು ಆಗ ಗೊತ್ತಾಯಿತು. ಹೊರಕ್ಕೆ ಚಾಚಿದ್ದರೆ ಆ ತಂತಿಯೇ ತುಕ್ಕಿಗೆ ದಾರಿ.

ಹತ್ಯಾರದ ವಿಷಯ. ವೈಬ್ರೇಟರ್, ಮಿಕ್ಸರ್ ಬಾಡಿಗೆಗೆ ತಗೊಂಡೆವು. ಅಳೆಯುವ ಸಾಮಾನು ಮಾತ್ರ ನಮ್ಮದೇ ಇರಲಿ ಅಂತ ಕೊಂಡೆ. ನಾಲ್ಕು ಅಡಿಯ ಸ್ಪಿರಿಟ್ ಲೆವೆಲ್, ತೂಗುಗುಂಡು, ನೀರು ತುಂಬಿ ಮಟ್ಟ ನೋಡಲು ಹದಿನೈದು ಮೀಟರ್ ಪಾರದರ್ಶಕ ಟ್ಯೂಬು, ಟೇಪು, ತೂಗುಹಾಕುವ ಡಿಜಿಟಲ್ ಕಾಟಾ. ಲೆವೆಲ್ ಕೊಳ್ಳುವಾಗ ಅಂಗಡಿಯಲ್ಲೇ ಕಟ್ಟೆಯ ಮೇಲಿಟ್ಟು ಗುಳ್ಳೆ ನೋಡಿ, ಹಾಗೇ ತಿರುಗುಮುರುಗು ಮಾಡಿ ಅದೇ ಜಾಗದಲ್ಲಿ ಇಡಿ. ಗುಳ್ಳೆ ಅಲ್ಲೇ ಬಂದು ನಿಂತರೆ ಲೆವೆಲ್ ಸರಿ ಇದೆ. ನಾನು ನೋಡಿದ ಮೊದಲ ಎರಡು ತಪ್ಪಿದವು. ಟೇಪಿನ ತುದಿಯ ಕೊಕ್ಕೆ ಸ್ವಲ್ಪ ಅಲ್ಲಾಡುವುದು ದೋಷ ಅಂತ ಬದಲಿಸಲು ಹೋಗಬೇಡಿ. ಹೊರಗಿನಿಂದ ಎಳೆದಾಗಲೂ ಒಳಗಿನಿಂದ ಒತ್ತಿದಾಗಲೂ ಅಳತೆ ಒಂದೇ ಬರಲಿ ಅಂತ ಕೊಕ್ಕೆಯ ದಪ್ಪದಷ್ಟೇ ಸಡಿಲ ಬಿಟ್ಟಿರುತ್ತಾರೆ. ಆಚಾರಿಯಿಂದ ಒಂದು ಅಳತೆ ಪೆಟ್ಟಿಗೆಯೂ ಮಾಡಿಸಿದೆ. ಒಳಗೆ 40, 35, 25 ಸೆಂಟಿಮೀಟರ್. ಗುಣಿಸಿದರೆ 35 ಲೀಟರ್, ಒಂದು ಚೀಲ ಸಿಮೆಂಟಿನ ಗಾತ್ರ. ಬಾಣಲೆಯಲ್ಲಿ ಎಣಿಸುವಾಗ ಒಬ್ಬರದು ತುಂಬಿರುತ್ತದೆ, ಇನ್ನೊಬ್ಬರದು ಅರ್ಧ. ಗೋಡೆಯ ಗಾರೆಗೆ ಈ ಪೆಟ್ಟಿಗೆ ಸಾಕು. ತಾರಸಿಗೆ ಲ್ಯಾಬಿನ ತೂಕವನ್ನು ಎಂಜಿನಿಯರ್ ಪೆಟ್ಟಿಗೆಯ ಲೆಕ್ಕಕ್ಕೆ ಇಳಿಸಿ ಕೊಟ್ಟಳು. ಒದ್ದೆ ಮರಳು ಉಬ್ಬಿ ಜಾಸ್ತಿ ಜಾಗ ಹಿಡಿಯುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿದಳು.

ಚಿರೆಕಲ್ಲಿಗೆ ತೂತು ಕೊರೆಯುವಾಗ ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿಕೊಳ್ಳಿ. ಇಲ್ಲದಿದ್ದರೆ ತೂತು ಅಗಲವಾಗಿ ಪ್ಲಗ್ಗು ಸಡಿಲ ಕೂರುತ್ತದೆ. ಭಾರದ ವಸ್ತು ನೇತುಹಾಕುವ ಕಡೆ ಗೋಡೆ ಕಟ್ಟುವಾಗಲೇ ಮರದ ತುಂಡು ಕೂರಿಸಿಬಿಡುವುದು ಒಳ್ಳೆಯದು.

ಬಾಗಿಲಿನ ದಾರಂದ, ತೊಲೆಗೆ ಹೊಸ ಮರ ತರಲಿಲ್ಲ. ಕೆಡವಿದ ಕೋಣೆಗಳ ಹಲಸಿನ ದಾರಂದ ಹಾಗೇ ಬಳಸಿದೆವು, ಅಜ್ಜನ ಕಾಲದ ಎರಡು ಮತ್ತಿ ತೊಲೆ ಇದ್ದವು. ಮೂವತ್ತು ವರ್ಷ ಒಣಗಿದ ಮರ ಇನ್ನು ಸೊಟ್ಟ ಆಗುವುದಿಲ್ಲ. ಒರಲೆಗೆ ಹೆದರಿ ದಾರಂದದ ಕಾಲನ್ನು ನೆಲದೊಳಗೆ ಇಳಿಸದೆ ಕಲ್ಲಿನ ಮೇಲೆ ನಿಲ್ಲಿಸಿದೆವು. ತಿರುಗಣೆ, ತಿರುಪು ಎಲ್ಲ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು. ಸಾಮಾನ್ಯವಾಗಿ ಸಿಗುವ 304ಕ್ಕೆ ನಮ್ಮ ಗಾಳಿಯಲ್ಲಿ ಚಹಾದ ಕಲೆಯಂಥ ತುಕ್ಕು ಬರುತ್ತದೆ. 316ರಲ್ಲಿ ಮಾಲಿಬ್ಡಿನಮ್ ಸೇರಿರುತ್ತದೆ. ಅಯಸ್ಕಾಂತ ಹಿಡಿದು ಇವೆರಡರ ವ್ಯತ್ಯಾಸ ಹೇಳಲು ಬರುವುದಿಲ್ಲ, ಅಂಗಡಿಯವರು ಹಾಗೆ ತೋರಿಸಿದರೆ ನಂಬಬೇಡಿ. ಮೇಲಿನ ಅಚ್ಚು ಮತ್ತು ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ.

ಗೋಡೆಯೊಳಗಿನ ಪೈಪುಗಳಿಗೆ ಪ್ಲಾಸ್ಟರ್ ಮಾಡುವ ಮೊದಲು ಒತ್ತಡ ಹಾಕಿ ಒಂದು ರಾತ್ರಿ ಬಿಟ್ಟೆವು. ಪೈಪು ತಿರುಗುವ ಒಂದು ಎಲ್ಬೋದಲ್ಲಿ ಹನಿ ಕಂಡಿತು. ಎಷ್ಟು ಸಮಾಧಾನ ಆಯಿತು ಗೊತ್ತಾ, ಆಗಲೇ ಸಿಕ್ಕಿತಲ್ಲ ಅಂತ! ಬಚ್ಚಲಿನ ನೆಲಕ್ಕೆ ವಾಟರ್‌ಪ್ರೂಫಿಂಗ್ ಮಾಡಿ ಎರಡು ದಿನ ನೀರು ನಿಲ್ಲಿಸಿ ನೋಡಿದ ಮೇಲೆಯೇ ಟೈಲ್ಸು. ಪ್ರತಿ ಗೋಡೆಯನ್ನೂ ಮುಚ್ಚುವ ಮೊದಲು ಟೇಪು ಹಿಡಿದು ಫೋಟೋ ತೆಗೆದು, ಪ್ರಿಂಟು ಹಾಕಿಸಿ, ಮನೆ ಪತ್ರದ ಜೊತೆ ಕಪಾಟಿನಲ್ಲಿ ಇಟ್ಟಿದ್ದೇನೆ.

ಟೈಲ್ಸು ಚದರಡಿಗೆ ಅತಿ ಕಡಿಮೆ ದರದ್ದು. ಅಡುಗೆಮನೆಗೆ ಇನ್ನೂ ಕಪಾಟು ಆಗಿಲ್ಲ, ಸಾಮಾನೆಲ್ಲ ಕಡಪಾ ಕಲ್ಲಿನ ಕಟ್ಟೆಯ ಕೆಳಗೆ ಡಬ್ಬಿಗಳಲ್ಲಿದೆ. ತಮ್ಮ ಫೋನ್ ಮಾಡಿದಾಗ ಆ ಬಗ್ಗೆ ಕೇಳುತ್ತಾನೆ. ಆಗಲಿ, ಬರುವ ವರ್ಷ.

ಮೊನ್ನೆ ಜೋರು ಮಳೆ ಬಂದ ರಾತ್ರಿ ಎಚ್ಚರ ಆಗಿ ಅಪ್ಪನ ಕೋಣೆಗೆ ಹೋದೆ. ಅಪ್ಪ ಎದ್ದು ಕೂತು ಮಾಡಿನ ಕಡೆ ನೋಡುತ್ತಿದ್ದರು. ಏನಾಯಿತು ಅಂತ ಕೇಳಿದೆ. "ತಂಗೀ, ಆ ಮೂಲೆಯಲ್ಲಿ ಒಂದು ಹಂಚು ಸರಿದಿದೆ, ಹನಿ ಬೀಳ್ತಾ ಇದೆ. ಬೆಳಿಗ್ಗೆ ಏಣಿ ಇಡಬೇಕು" ಅಂದರು. ಅಡಿಗೆ ಒಂದು ಚೊಂಬು ಇಟ್ಟು ಮಲಗಿದೆವು.